ಎರಡು ಬಡಿತ

ಪರದೆಯ ಮೇಲಿನ ಹೆಂಗಸು ಉಟ್ಟಿದ್ದ ಸೀರೆ ತನ್ನದೇ ಎಂದು ಶುಭಾಗೆ ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಸೆರಗಿನಲ್ಲಿ ಇಸ್ತ್ರಿ ತಾಗಿ ಸುಟ್ಟ ಕಲೆ, ಅದನ್ನು ಮುಚ್ಚಲು ತಾನೇ ಹಾಕಿದ ಹಸಿರು ದಾರದ ಹೊಲಿಗೆ, ಎರಡನ್ನೂ ಕ್ಯಾಮೆರಾ ಬೇಕೆಂತಲೇ ಹತ್ತಿರ ಹೋಗಿ ತೋರಿಸಿತು. ಹೋದ ವರ್ಷ ಉತ್ಕರ್ಷ ನಾಸಿಕದ ಮನೆಗೆ ಬಂದು, "ಅಮ್ಮಾ, ಕಾಸ್ಟ್ಯೂಮ್‌ಗೆ ಎರಡು ಇಳಕಲ್ ಸೀರಿ ಕೊಡು" ಅಂದಾಗ, ಸಿನೆಮಾ ಅಂದಮೇಲೆ ಚೆನ್ನಾಗಿರಲಿ ಎಂದು ಹೊಸವೆರಡನ್ನು ತೆಗೆದು ಮಂಚದ ಮೇಲಿಟ್ಟಿದ್ದಳು. ಅವನು ಅವನ್ನು ಮುಟ್ಟದೆ ಕಪಾಟಿನ ಕೆಳಗಿನ ಖಾನೆಯಲ್ಲಿ ಕೈಯಾಡಿಸಿ ಇದನ್ನು ಎಳೆದುಕೊಂಡಿದ್ದ. ಹೊಸ ಸೀರೆ ಹಾಳಾದೀತೆಂದು ಮಗನಿಗೆ ಕಾಳಜಿ ಎಂದು ಅವಳು ಆಗ ಹಿಗ್ಗಿದ್ದಳು. ನೆರೆಮನೆಯವರ ಮುಂದೆ ಹೇಳಿಯೂ ಇದ್ದಳು. ಈಗ ಇನ್ನೂರು ಜನ ಕತ್ತಲಲ್ಲಿ ಕೂತು ಆ ಸುಟ್ಟ ಕಲೆಯನ್ನು ನೋಡುತ್ತಿದ್ದರು, ಅವಳು ಮೈಮೇಲಿದ್ದ ರೇಷ್ಮೆ ಸೀರೆಯ ಸೆರಗನ್ನು ಯಾರೋ ಎಳೆದವರಂತೆ ಬಿಗಿಯಾಗಿ ಹಿಡಿದುಕೊಂಡಳು.

ಮಗ ನಿರ್ದೇಶಿಸಿದ ಮೊದಲ ಮರಾಠಿ ಸಿನೆಮಾ. ಹೆಸರು 'ಡುಲಕೀ', ಅಂದರೆ ಜೋಂಪು. ಹಲವರು ಇನ್ನೂ ಔರಂಗಾಬಾದೆಂದೇ ಕರೆಯುವ ಸಂಭಾಜಿನಗರದ ಒಂದು ಫಿಲ್ಮ್ ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಮೊದಲ ಪ್ರದರ್ಶನ ಇಟ್ಟಿದ್ದರು. ಗೋವಿಂದ ಐದೂವರೆಗೇ ನಾಸಿಕದಿಂದ ಕಾರು ತೆಗೆದು, ದಾರಿಯ ಯೇವಲಾದಲ್ಲಿ ಚಹಕ್ಕೂ ನಿಲ್ಲಿಸದೆ ಓಡಿಸಿಕೊಂಡು ಬಂದಿದ್ದ. ನಿವೃತ್ತಿಗೆ ಮುಂಚಿನ ನಾಲ್ಕು ವರ್ಷ ಈ ಊರಿನ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವನು. ಹೆಂಡತಿ, ಮಗ, ಹಾಸಿಗೆ ಹಿಡಿದ ತಾಯಿ ಮೂವರನ್ನೂ ನಾಸಿಕದಲ್ಲಿ ಬಿಟ್ಟು ಇಲ್ಲಿ ಒಂಟಿ ಖೋಲಿಯಲ್ಲಿ ಇದ್ದವನು. ಸಿನೆಮಾ ಹಾಲ್‌ನೊಳಗೆ ಕಾಲಿಟ್ಟಾಗಿನಿಂದ ಸಿಕ್ಕವರಿಗೆಲ್ಲ ತಾನು ಡೈರೆಕ್ಟರನ ತಂದೆ ಎಂದು ಮರಾಠಿಯಲ್ಲಿ ಪರಿಚಯ ಹೇಳಿಕೊಂಡಿದ್ದ. ಶುಭಾಳನ್ನು ತೋರಿಸಿ, "ಇವಳೇ ನಮ್ಮ ತಾಯಿಯನ್ನು ಎಂಟು ವರ್ಷ ಹೂವಿನಂತೆ ನೋಡಿಕೊಂಡವಳು" ಎಂದೂ ಸೇರಿಸಿದ್ದ. ಈ ಮಾತನ್ನು ಅವನು ಎಷ್ಟು ಕಡೆ ಹೇಳಿದ್ದನೆಂದರೆ ಅದು ಅವನದೇ ಸಾಧನೆ ಎನ್ನುವಂತೆ ಕೇಳುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಕಂಡರೆ ಬೆಟ್ಟದ ತಪ್ಪೇನು ಎಂದು ಶುಭಾ ಸುಮ್ಮನಿರುವುದನ್ನು ಕಲಿತಿದ್ದಳು.

ಸಿನೆಮಾದ ಕಥೆ ಹೆಚ್ಚೇನಿರಲಿಲ್ಲ. ಒಂದು ಫ್ಲ್ಯಾಟು, ಮಾತು ಹೋದ ಅತ್ತೆ, ಅವಳ ಸೇವೆ ಮಾಡುವ ಸೊಸೆ. ಸೊಸೆ ಒಂದು ಮಧ್ಯಾಹ್ನ ಮಲಗುತ್ತಾಳೆ. ಅತ್ತೆ ಸತ್ತಂತೆ ಕನಸು ಬೀಳುತ್ತದೆ. ಎದ್ದು ಹೋಗಿ ನೋಡಿದರೆ ಅತ್ತೆ ಬದುಕಿದ್ದಾಳೆ, ಗಂಜಿ ಕುಡಿಸುತ್ತಾಳೆ. ಆಮೇಲೆ ಅದೂ ಕನಸು, ಮತ್ತೆ ಎದ್ದರೆ ಮಂಚ ಖಾಲಿ. ಹೀಗೆ ಒಂದರೊಳಗೊಂದು ಎಚ್ಚರವಾಗುತ್ತ, ಯಾವುದು ನಿಜ ಎಂದು ಅವಳಿಗೂ ನೋಡುವವರಿಗೂ ತಿಳಿಯದೆ ಹೋಗುತ್ತದೆ. ಸೊಸೆಯ ಮರಾಠಿ ಶುಭಾಳ ಮರಾಠಿಯೇ. ಇಪ್ಪತ್ತೇಳು ವರ್ಷ ನಾಸಿಕದಲ್ಲಿದ್ದರೂ ತರಕಾರಿಯವನು ಇಂದಿಗೂ ನಗುವ ಅದೇ ಧಾರವಾಡದ ಎಳೆತ, ಗಂಡಿಗೆ ಹೆಣ್ಣಿನ ಕ್ರಿಯಾಪದ ಹಚ್ಚುವ ಅದೇ ತಪ್ಪು. ನಟಿ ಒಮ್ಮೆ ಹಾಗೆ ಮಾತಾಡಿದಾಗ ಇಡೀ ಹಾಲ್ ನಕ್ಕಿತು. ಗೋವಿಂದನೂ ನಕ್ಕು ಮೊಳಕೈಯಿಂದ ಅವಳ ತೋಳಿಗೆ ತಿವಿದ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ಆ ನಟಿಯ ಮೇಲೆ. ಪಾಪದ ಹುಡುಗಿ, ಅವಳು ತನ್ನ ಕೈಗೆ ಕೊಟ್ಟದ್ದನ್ನು ಓದಿದ್ದಳು ಅಷ್ಟೇ.

ಅತ್ತೆ ಸರೋಜಿನಿಬಾಯಿಯ ಮಾತು ಹೋದದ್ದು ಲಕ್ವಾ ಹೊಡೆದ ವರ್ಷ. ಬಲಗೈ ಒಂದು ಉಳಿದಿತ್ತು. ಆ ಕೈಗೆ ಎಟಕುವಂತೆ ಸ್ಟೂಲಿನ ಮೇಲೆ ಸ್ಟೀಲಿನ ಲೋಟ ಇಡುತ್ತಿದ್ದರು, ಅದನ್ನು ಮಂಚದ ಕಬ್ಬಿಣದ ಸರಳಿಗೆ ಬಡಿದರೆ ಮನೆಯೆಲ್ಲ ಕೇಳುತ್ತಿತ್ತು. ಲೆಕ್ಕ ಕಟ್ಟಿದವನು ಉತ್ಕರ್ಷ, ಆಗವನಿಗೆ ಹದಿಮೂರು ಹದಿನಾಲ್ಕು. ಅಮ್ಮ ಬೇಕಿದ್ದರೆ ಎರಡು, ತಾನು ಬೇಕಿದ್ದರೆ ಮೂರು. ಮೊಮ್ಮಗನ ಆಟವೆಂದು ಮುದುಕಿ ಅರ್ಧ ಬಾಯಿಯಲ್ಲಿ ನಕ್ಕು ಕಲಿತುಕೊಂಡಳು, ಆಮೇಲೆ ಅದೇ ಮನೆಯ ಕಾನೂನಾಯಿತು. ಮಲ, ಮೂತ್ರ, ನೀರು, ಬೆನ್ನಿನ ಹುಣ್ಣು, ಎಲ್ಲಕ್ಕೂ ಎರಡು. ಟಿವಿ ಹಚ್ಚಲು, ಪಕ್ಕದಲ್ಲಿ ಕೂತು ಹರಟೆ ಹೊಡೆಯಲು ಮೂರು. ಮೊದಮೊದಲು ಅವನು ಓಡುತ್ತಿದ್ದ. ದೊಡ್ಡವನಾದಂತೆ ಮೂರು ಬಡಿದರೂ ಬಾಗಿಲು ತೆಗೆಯುವುದು ತಡವಾಗತೊಡಗಿತು, ಕೊನೆಗೆ ಅದಕ್ಕೂ ಶುಭಾಳೇ ಹೋಗುತ್ತಿದ್ದಳು. ಅವಳನ್ನು ನೋಡಿ ಮುದುಕಿ ಮುಖ ಆಚೆ ತಿರುಗಿಸುತ್ತಿದ್ದಳು. ಎಂಟು ವರ್ಷ ತನ್ನ ಹೇಲು ಬಳಿದವಳ ಮುಖ ನೋಡಿ ಅಷ್ಟು ನಿರಾಶೆಪಡಬಾರದಿತ್ತು ಎಂದು ಶುಭಾಗೆ ಇವತ್ತಿಗೂ ಅನಿಸುತ್ತದೆ, ಸತ್ತವರ ಬಗ್ಗೆ ಹಾಗೆ ಅನಿಸಬಾರದೆಂದೂ ಅನಿಸುತ್ತದೆ. ಮೊದಲು ಬೇರೆ ಊರಿನ ಬ್ಯಾಂಕಿನಿಂದ, ಆಮೇಲೆ ಈ ಊರಿನಿಂದ ವಾರಕ್ಕೊಮ್ಮೆ ಬರುವ ಗೋವಿಂದನಿಗೆ ಈ ಲೆಕ್ಕ ತಿಳಿದೇ ಇರಲಿಲ್ಲ. ಶಬ್ದವಾದರೆ ಪೇಪರು ಕೆಳಗಿಳಿಸದೆ, "ಏ, ಅವ್ವ ಕರೀಲಿಕತ್ತಾಳ ನೋಡ" ಎನ್ನುವುದೊಂದೇ ಅವನ ಪಾಲಿನ ಸೇವೆಯಾಗಿತ್ತು.

ಟಣ್, ಟಣ್.

ಹಾಲಿನ ನಾಲ್ಕೂ ಗೋಡೆಗಳಿಂದ ಸದ್ದು ಬಂದಾಗ ಶುಭಾ ಎದ್ದು ನಿಂತಿದ್ದಳು. ಏಳಬೇಕೆಂದು ಎದ್ದದ್ದಲ್ಲ, ಕಾಲು ತಾವೇ ಎದ್ದವು, ಕೈ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೂ ಆಗಿತ್ತು. ಎರಡು ಅಂದರೆ ಅವಳು. ಹಿಂದಿನ ಸಾಲಿನಿಂದ ಯಾರೋ, "ಕಾಕೂ, ಬಸಾ ನಾ" ಎಂದು ಕೂಡಲು ಹೇಳಿದರು, ಇನ್ಯಾರೋ ಕಿಸಕ್ಕೆಂದರು. ಕೂತಳು. ಪರದೆಯ ಮೇಲೆ ಸೊಸೆ ನೆಲದ ಮೇಲೆ ಒದ್ದೆ ಬಟ್ಟೆ ಮುಖಕ್ಕೆ ಹಾಕಿಕೊಂಡು ಮಲಗಿದ್ದಳು. ಮತ್ತೆ ಎರಡು, ಮತ್ತೆ ಎರಡು. ಆ ಸದ್ದು ಯಾವುದೋ ಲೋಟ ಯಾವುದೋ ಸರಳಿಗೆ ತಾಗಿದ್ದಲ್ಲ. ನಾಸಿಕದ ಆ ಮನೆಯ, ಆ ಮಂಚದ, ತಲೆಭಾಗದಿಂದ ಮೂರನೆಯ ಸಡಿಲ ಸರಳಿನ ಸದ್ದು. ಬಡಿದ ಮೇಲೆ ಸರಳು ತನ್ನಷ್ಟಕ್ಕೆ ಸಣ್ಣಗೆ ನಡುಗುತ್ತಿತ್ತಲ್ಲ, ಆ ನಡುಕವೂ ಇತ್ತು. ಬಗಲಲ್ಲಿ ಗೋವಿಂದ ನಗುವುದನ್ನು ಬಿಟ್ಟಿದ್ದ. ಅವನು ಪರದೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಅತ್ತೆ ಸತ್ತದ್ದು ಲಾಕ್‌ಡೌನಿನ ಮೇ ತಿಂಗಳು. ಮುದುಕಿಯ ಮೈ ಒರೆಸಲು ಬರುತ್ತಿದ್ದ ವಿದ್ಯಾವತಿ ಎರಡು ತಿಂಗಳಿಂದ ಬಂದಿರಲಿಲ್ಲ. ಜಿಲ್ಲೆಯ ಗಡಿ ಮುಚ್ಚಿ ಗೋವಿಂದ ಸಂಭಾಜಿನಗರದಲ್ಲೇ ಸಿಕ್ಕಿಕೊಂಡಿದ್ದ. ಪುಣೆಯ ಫಿಲ್ಮ್ ಕಾಲೇಜು ಮುಚ್ಚಿ ಉತ್ಕರ್ಷ ಮನೆ ಸೇರಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಖೋಲಿಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಶುಭಾ ಆ ದಿನ ಊಟದ ತಾಟು ತೊಳೆದು, ನಡುಮನೆಯ ನೆಲದ ಮೇಲೆ ಒದ್ದೆ ಬಟ್ಟೆ ಮುಖಕ್ಕೆ ಹಾಕಿಕೊಂಡು ಬಿದ್ದುಕೊಂಡಿದ್ದಳು. ಕನಸು ಬಿತ್ತು. ಧಾರವಾಡದ ತವರುಮನೆಯ ಹಿತ್ತಲಲ್ಲಿ ಮೂವರು ಹೆಂಗಸರು ಒಂದೇ ಒರಳಿಗೆ ಒಬ್ಬರಾದ ಮೇಲೊಬ್ಬರು ಒನಕೆ ಹಾಕುತ್ತಿದ್ದಾರೆ, ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು, ಬಿಡುವು. ಅವಳು ಕಟ್ಟೆಯ ಮೇಲೆ ಕೂತಿದ್ದಾಳೆ. ಯಾರೋ ಅವಳಿಗೆ ಅನ್ನುತ್ತಾರೆ, ನೀ ಕೂಡು, ಇದು ನಿನ್ನ ಕೆಲಸ ಅಲ್ಲ. ಅಷ್ಟು ಸುಖ ಅವಳಿಗೆ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ. ನಾಲ್ಕೂವರೆಗೆ ಎದ್ದು, ಚಹಕ್ಕೆ ನೀರಿಟ್ಟು, ಒಳಗೆ ಹೋದಳು. ಅತ್ತೆಯ ಬಾಯಿ ತೆರೆದಿತ್ತು, ಕಫ ಕಟ್ಟಿ ಗದ್ದದವರೆಗೆ ಇಳಿದಿತ್ತು, ಬಲಗೈ ಸರಳಿನ ಆಚೆ ಜೋತುಬಿದ್ದಿತ್ತು. ಲೋಟ ನೆಲದ ಮೇಲೆ ಉರುಳಿತ್ತು. ಶುಭಾ ಮೊದಲು ಅತ್ತೆಯನ್ನು ಮುಟ್ಟಲಿಲ್ಲ. ಮೊದಲು ಲೋಟ ಎತ್ತಿ ಸ್ಟೂಲಿನ ಮೇಲೆ ಇಟ್ಟಳು, ಗದ್ದ ಒರೆಸಿದಳು, ಆಮೇಲೆ ಮಗನನ್ನು ಕೂಗಿದಳು. ಅವನು ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ಬಂದು ಅಜ್ಜಿಯ ಮುಖ ನೋಡಲಿಲ್ಲ, ಸ್ಟೂಲು ನೋಡಿದ. ಪ್ಲಾಸ್ಟಿಕ್ ಅಂಗಿ ತೊಟ್ಟ ಡಾಕ್ಟರು ಹೊಸ್ತಿಲಲ್ಲೇ ನಿಂತು ಹೃದಯ ಎಂದು ಬರೆದುಕೊಟ್ಟರು. ನಿದ್ದೆಯಲ್ಲೇ ಹೋದರು, ಪುಣ್ಯವಂತರು ಎಂದು ಎಲ್ಲರೂ ಫೋನಿನಲ್ಲಿ ಅಂದರು. ಗೋವಿಂದ ತಾಯಿಯ ಬೆಂಕಿಯನ್ನು ವಿಡಿಯೋ ಕಾಲಿನಲ್ಲಿ ನೋಡಿದ. ನಡುವೆ ನೆಟ್‌ವರ್ಕ್ ಹೋಗಿ ಅವನ ಅಳುಮುಖ ಹಾಗೇ ನಿಂತುಬಿಟ್ಟಿತ್ತು.

ಅವಳಿಗೆ ಕೆಟ್ಟ ಕನಸಿನ ಮದ್ದು ಹೇಳಿಕೊಟ್ಟವಳೂ ಅತ್ತೆಯೇ, ಬಾಯಿ ಇದ್ದಾಗ. "ಮಂದಿ ಮುಂದ ಹೇಳಬ್ಯಾಡ, ಹರಿಯೋ ನೀರಿಗೆ ಹೇಳು, ಹರಕೊಂಡು ಹೋಗ್ತದ" ಅಂದಿದ್ದಳು. ಅತ್ತೆ ಸತ್ತ ಮೇಲೆ ಎಷ್ಟೋ ತಿಂಗಳು ಶುಭಾ ಬೆಳಿಗ್ಗೆ ನೀರು ಬಂದ ಕೂಡಲೇ ಬಚ್ಚಲಿನ ನಳ ಪೂರ್ತಿ ತಿರುವಿ, ಕುಕ್ಕರಗಾಲಲ್ಲಿ ಕೂತು ನೀರಿಗೆ ಹೇಳುತ್ತಿದ್ದಳು: ಬಡೀತಿದ್ರು, ನಾ ಏಳಲಿಲ್ಲ, ಕನಸು ಅಂತ ಮಲಕೊಂಡೆ. ಒನಕೆಯ ವಿಷಯ ಹೇಳುತ್ತಿರಲಿಲ್ಲ, ಅದರಲ್ಲಿ ಕೆಟ್ಟದ್ದೇನಿದೆ ಎಂದು. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡಿದ್ದಳು. ನೀರಿನ ಸದ್ದಿಗಿಂತ ಜೋರಾಗಿ ಹೇಳಿದರೆ ಮಾತ್ರ ನೀರಿಗೆ ಕೇಳಿಸುತ್ತದೆ ಎಂದೂ ಅಂದುಕೊಂಡಿದ್ದಳು. ಆ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಅವಳ ತಲೆಗೆ ಹೋಗಿದ್ದು ಈಗ, ಬಚ್ಚಲಿನ ಪಕ್ಕ ಉತ್ಕರ್ಷನ ಕಿಟಕಿ ಇತ್ತೆಂದು ನೆನಪಾದ ಮೇಲೆ. ಪರದೆಯ ಮೇಲೆ ನಟಿ ನಳ ತಿರುವಿ ನೀರಿಗೆ ಅದೇ ಮೂರು ವಾಕ್ಯ ಹೇಳಿದಳು, ಮರಾಠಿಯಲ್ಲಿ, ಹೆಣ್ಣು ಗಂಡು ತಪ್ಪಿಸಿ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸಿನೆಮಾದ ಕೊನೆಯಲ್ಲಿ ಬಡಿತ ನಿಧಾನವಾಗುತ್ತ, ಸಣ್ಣದಾಗುತ್ತ, ನಿಂತಿತು. ನೆಲದ ಮೇಲಿನ ಹೆಂಗಸಿನ ಮುಖದಿಂದ ಒದ್ದೆ ಬಟ್ಟೆ ಜಾರಿತು. ಅವಳ ಕಣ್ಣು ತೆರೆದೇ ಇತ್ತು. ಎಲ್ಲ ಕನಸೂ ಎಚ್ಚರವಿದ್ದವಳು ಕಟ್ಟಿಕೊಂಡದ್ದು. ದೀಪ ಹತ್ತಿ, ಚಪ್ಪಾಳೆ ನಿಲ್ಲದೆ, ಉತ್ಕರ್ಷ ವೇದಿಕೆ ಹತ್ತಿ ಮೈಕಿನಲ್ಲಿ ತಾಯಿಯನ್ನು ಕರೆದ. ಬೇಡವೆಂದು ಕೈಯಾಡಿಸಿದಳು. ಕ್ಲಬ್ಬಿನ ಕಾರ್ಯದರ್ಶಿ ಶಶಿಕಾಂತ ಎಂಬವನು ಬಂದು ಭುಜ ಹಿಡಿದು ಎಬ್ಬಿಸಿಕೊಂಡು ಹೋದ. ಹೂವಿನ ಗುಚ್ಛ ಕೊಟ್ಟರು. ಕೆಳಗಿನಿಂದ ಒಬ್ಬ ಹುಡುಗಿ ಮರಾಠಿಯಲ್ಲಿ, ಕಾಕೂ, ನಿಮಗೂ ಇಂಥ ಕನಸು ಬೀಳುತ್ತವೆಯೇ ಎಂದು ಕೇಳಿದಳು. ಶುಭಾ ಮೈಕಿಗೆ ಬಾಯಿ ತೀರ ಹತ್ತಿರ ಒಯ್ದು, "ನಾಹೀ, ನನಗ ನಿದ್ದಿ ಚಾಂಗಲೀ, ಛಲೋ ಬರ್ತದ" ಎನ್ನುವುದನ್ನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿಬಿಟ್ಟಳು. ಇಡೀ ಹಾಲ್ ಭೋರೆಂದು ನಕ್ಕಿತು. ಚಪ್ಪಾಳೆ ಸಿನೆಮಾಕ್ಕೆ ಬಿದ್ದದ್ದಕ್ಕಿಂತ ಜೋರಾಗಿ ಬಿತ್ತು. ಉತ್ಕರ್ಷನೂ ನಗುತ್ತಿದ್ದ. ತಾಯಿ ಇಷ್ಟು ಚೆನ್ನಾಗಿ ಹೇಳಿಯಾಳೆಂದು ಅವನಿಗೂ ಗೊತ್ತಿರಲಿಲ್ಲ.

ಹೊರಗೆ ಅವಲಕ್ಕಿಯ ಪೋಹೆ, ಚಹ ಇಟ್ಟಿದ್ದರು. ಗೋವಿಂದ ತಟ್ಟೆ ಹಿಡಿದು ಅವಳ ಬಳಿ ಬಂದ, ಆದರೆ ಒಂದು ಮಾರು ದೂರದಲ್ಲೇ ನಿಂತ, ಮೈಲಿಗೆಯಾದವಳ ಬಳಿ ನಿಂತಂತೆ.

"ಎದ್ದಿಯಲ್ಲ ಯಾಕ?" ಎಂದ.

"ಯಾವಾಗ್ರೀ?"

"ಗೊತ್ತಿಲ್ಲದವರಂಗ ಕೇಳಬ್ಯಾಡ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗ ಎದ್ದಿಯಲ್ಲ, ಅವಾಗ."

"ರೂಢಿ ರೀ. ಎಂಟು ವರ್ಷದ ರೂಢಿ."

"ಅಂವ ಸುಮ್ಮಸುಮ್ಮನ ಬರದಾನೇನು? ಮನಿಯೊಳಗ ಇದ್ದ ಹುಡುಗ ಅಂವ. ನಾ ಇಲ್ಲಿ ಇದ್ದೆ." ಪೋಹೆಯ ಒಂದು ಅಗಳು ಅವನ ಗಲ್ಲಕ್ಕೆ ಅಂಟಿತ್ತು. "ನಾ ಮಂದಿ ಮುಂದ ಹೂವಿನಂಗ, ಹೂವಿನಂಗ ಅಂತ ಹೇಳಕೋತ ತಿರಗೀನಿ."

ಪತ್ರಿಕೆಯವನೊಬ್ಬ ಕರೆದ ಕೂಡಲೇ ಅವನ ಮುಖ ಅರಳಿ, ಅತ್ತ ಹೋದ. ಮೂವತ್ತು ವರ್ಷದಲ್ಲಿ ಅವನು ಅವಳನ್ನು ಬೈದದ್ದುಂಟು, ಒಮ್ಮೆ ಹೊಡೆದದ್ದೂ ಉಂಟು, ಹೀಗೆ ದೂರ ನಿಂತದ್ದು ಇದೇ ಮೊದಲು. ಇನ್ನು ಆ ಮನೆಯಲ್ಲಿ ತಾನು ಕೊಟ್ಟ ನೀರನ್ನು ಅವನು ಒಂದು ಸಲ ನೋಡಿ ಕುಡಿಯುತ್ತಾನೆ ಎಂದು ಅವಳಿಗೆ ಹೊಳೆಯಿತು. ಮುದುಕಿಯ ಸೇವೆ ಒಂದೇ ಆ ಮನೆಯಲ್ಲಿ ಅವಳಿಗಿದ್ದ ಮರ್ಯಾದೆ, ಅದೂ ಹೋದರೆ ಅವಳು ಬರೀ ಅಡಿಗೆಯವಳು.

ಆಗ ಶ್ರೀಜಾ ಬಂದಳು. ನಾಸಿಕದ ದೇವಳಾಲಿ ಕ್ಯಾಂಪಿನಲ್ಲಿ ಉಡುಪಿ ಹೋಟೆಲ್ ಇಟ್ಟವರ ಮಗಳು, ಸಿನೆಮಾದ ಸದ್ದಿನ ಕೆಲಸವೆಲ್ಲ ಅವಳದು. ಕೈಗೆ ಕಾಫಿ ಕೊಟ್ಟು, "ಆಂಟಿ, ಸೌಂಡ್ ಹೇಗಿತ್ತು? ನಿಜ ಹೇಳಬೇಕು" ಅಂದಳು.

"ಛಲೋ ಇತ್ತವಾ. ಮನೀ ಸಪ್ಪಳಾನ ಅನಸ್ತು."

"ಮನೆದ್ದೇ ಅಲ್ವಾ! ಆ ಲೋಟದ ಶಬ್ದ ಸ್ಟುಡಿಯೋದಲ್ಲಿ ಮಾಡಿದ್ದಲ್ಲ ಮಾರಾಯ್ರೆ, ಒರಿಜಿನಲ್. ಉತ್ಕರ್ಷನ ಹತ್ರ ಕಾಲೇಜಿನ ಹಳೇ ರೆಕಾರ್ಡಿಂಗ್ ಉಂಟು, ಲಾಕ್‌ಡೌನ್ ಟೈಮಲ್ಲಿ ಅಸೈನ್‌ಮೆಂಟ್ ಕೊಟ್ಟಿದ್ರಂತೆ, ನಿಮ್ಮ ಮನೆಯ ಒಂದು ಮಧ್ಯಾಹ್ನ ರೆಕಾರ್ಡ್ ಮಾಡಿ ಅಂತ. ಹನ್ನೊಂದು ನಿಮಿಷ ಬರೀ ಅದೇ ಬಡಿತ. ನನಗೆ ಮಾತ್ರ ಸಾಕಾಗಿ ಹೋಯ್ತು. ಅದರಲ್ಲಿ ಮೂರು ಮೂರು ಬಡಿತ ಇದ್ದದ್ದು, ಪ್ರತಿ ಸಲ ಒಂದೊಂದು ತೆಗೀಲಿಕ್ಕೆ ಎರಡು ದಿನ ಕೂತಿದ್ದೇನೆ."

"ಮೂರು?"

"ಹೌದು, ಮೂರು. ಎರಡೇ ಸಾಕು ಅಂದ ಅವ." ಶ್ರೀಜಾ ಸ್ವಲ್ಪ ತಗ್ಗಿದ ದನಿಯಲ್ಲಿ, ಹೆಮ್ಮೆ ಬಿಟ್ಟುಕೊಡುವವಳಂತೆ ಸೇರಿಸಿದಳು: "ಕೊನೆಗೆ ಸಣ್ಣ ಆಗ್ತಾ ಹೋಗ್ತದಲ್ಲ ಆಂಟಿ, ಎಲ್ಲರೂ ಹೊಗಳುದು ಅದನ್ನೇ. ಅದು ನಾನು ಮಾಡಿದ್ದಲ್ಲ. ಅದು ಹಾಗೇ ಇತ್ತು."

ಕಾಫಿ ಬಿಸಿಯಿತ್ತು, ಶುಭಾ ಒಂದೇ ಗುಟುಕಿಗೆ ಕುಡಿದಳು. ಮೂರು. ಮೂರು ಅಂದರೆ ತಾನಲ್ಲ. ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿ, ಅವಳಿಗೆ ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಎರಡು ಬಡಿದಿದ್ದರೆ ತನ್ನ ಕಾಲು ಏಳದೆ ಇರುತ್ತಿತ್ತೇ? ಸಿನೆಮಾದ ಸುಳ್ಳು ಬಡಿತಕ್ಕೇ ಎದ್ದ ಕಾಲು ಇದು. ಮುದುಕಿ ಕರೆದದ್ದು ಮೊಮ್ಮಗನನ್ನು. ಮೊಮ್ಮಗ ಗೋಡೆಯಾಚೆ ಕೂತು ಹನ್ನೊಂದು ನಿಮಿಷ ತುಂಬಿಸಿಕೊಂಡ. ತನ್ನ ಪಾಲು ಇದರಲ್ಲಿಲ್ಲ. ಇಷ್ಟು ಯೋಚಿಸಿ ಉಸಿರು ಬಿಡುವುದರೊಳಗೆ ಇನ್ನೊಂದು ಬಂತು, ಅದನ್ನು ತಡೆಯಲು ಆಗಲಿಲ್ಲ. ಒನಕೆಗಳು ಮೂರಿದ್ದವು. ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ನೀರಿಗೂ ಹೇಳಿರಲಿಲ್ಲ. ಟೇಪಿನಲ್ಲಿದ್ದ ಮೂರು ಅವಳ ಕನಸಿನಲ್ಲಿ ಮೂರಾಗಿಯೇ ಇರಬೇಕಾದರೆ ಅವಳ ಕಿವಿ ಎಣಿಸಿರಬೇಕು. ಎಣಿಸಿದವಳು ನಿದ್ದೆಯಲ್ಲಿರಲಿಲ್ಲ. ಒದ್ದೆ ಬಟ್ಟೆಯ ಕೆಳಗೆ ಕಣ್ಣು ತೆರೆದಿತ್ತು, ಬಟ್ಟೆಯ ನೂಲಿನ ಸಂದಿಯಿಂದ ಫ್ಯಾನು ತಿರುಗುವುದು ಕಾಣುತ್ತಿತ್ತು, ಈಗ ಅದೂ ನೆನಪಾಯಿತು. ಮೂರು, ಅವನನ್ನು ಕರೀಲಿಕತ್ತಾರ, ಏಳಲಿ ಬೇಕಾದರೆ, ಯಾವಾಗಲೂ ನನ್ನ ಮುಖ ನೋಡಿ ಮುಖ ತಿರುವುತ್ತಾರಲ್ಲ, ಇವತ್ತು ನಾ ಹೋಗೂದಿಲ್ಲ. ಆ ಸುಖ ಕನಸಿನದಾಗಿರಲಿಲ್ಲ. ಕನಸು ಅವಳು ಆಮೇಲೆ ಕಟ್ಟಿಕೊಂಡದ್ದು. ಅಷ್ಟು ತಿಂಗಳು ನೀರಿನ ಮುಂದೆಯೂ ಅವಳು ಸುಳ್ಳು ಹೇಳಿದ್ದಳು, ಮಗ ಮಾತ್ರ ಸಿನೆಮಾದಲ್ಲಿ ಖರೆ ಹೇಳಿದ್ದ, ತನ್ನನ್ನು ಬಿಟ್ಟು.

ಉತ್ಕರ್ಷ ಮೆಟ್ಟಿಲ ಬಳಿ ಅವಳನ್ನು ತಡೆದ. ಶ್ರೀಜಾ ಅವಳೊಡನೆ ಮಾತಾಡುತ್ತಿದ್ದುದನ್ನು ದೂರದಿಂದ ನೋಡಿದ್ದ.

"ಅಮ್ಮಾ, ಮೂರು ಬಡಿತ ಆಡಿಯನ್ಸ್‌ಗೆ ಸಮಜತ್ ನಾಹೀ, ತಿಳಿಯೂದಿಲ್ಲ. ಫಿಲ್ಮ್‌ನಾಗ ಮಗನ ಕ್ಯಾರೆಕ್ಟರೇ ಇಲ್ಲ ನಾ."

"ಯಾಕಿಲ್ಲ?"

ಅವನು ಚಿಕ್ಕಂದಿನಲ್ಲಿ ಸುಳ್ಳು ಸಿಕ್ಕಿಬಿದ್ದಾಗ ಮಾಡುತ್ತಿದ್ದಂತೆ ಕಿವಿಯ ಹಾಲೆ ತಿಕ್ಕಿಕೊಂಡ.

"ಕಿವಿಗೆ ಹೆಡ್‌ಫೋನ್ ಇತ್ತು, ಕೇಳಿಸಲಿಲ್ಲ ಅಂದಿದ್ದಿ."

"ಹೆಡ್‌ಫೋನ್ ಇತ್ತು. ಅದರಾಗೇ ಕೇಳ್ತಿತ್ತು. ಮೈಕ್ ಅಜ್ಜಿ ಖೋಲಿ ದರವಾಜಾದ ಹತ್ರ ಇಟ್ಟಿದ್ದೆ. ನೀ ಹೋಗ್ತಿ ಅಂತ ಅನಿಸಿತು ಅಮ್ಮಾ. ಮೂರಕ್ಕೂ ನೀನೇ ಹೋಗ್ತಿದ್ದಿ. ನೀ ಇನ್ನೂ ಯಾಕ ಏಳವಲ್ಲಿ ಅಂತ ಕಾಯ್ತಾ ಕೂತಿದ್ದೆ. ಕಟ್ ಮಾಡಿದ್ರೆ ರೆಕಾರ್ಡಿಂಗ್ ವೇಸ್ಟ್ ಆಗ್ತದ ಅಂತ... ಪಪ್ಪಾಗೆ ಸಾಂಗೂ ನಕೋ, ಹೇಳಬ್ಯಾಡ. ಪ್ಲೀಸ್."

ಅವಳಿಗೆ ಅವನ ಮೇಲೆ ಹೇಸಿಗೆ ಬಂತು. ಆ ಹೇಸಿಗೆಯಲ್ಲಿ ಅವನು ತನ್ನ ಮಗನೆಂಬುದು ಹಿಂದೆಂದಿಗಿಂತ ಸ್ಪಷ್ಟವಾಗಿ ಕಂಡಿತು. ಗೋಡೆಯ ಈಚೆ ಒಬ್ಬಳು, ಆಚೆ ಒಬ್ಬ, ಇಬ್ಬರೂ ಇನ್ನೊಬ್ಬರು ಏಳಲೆಂದು ಕಾಯುತ್ತ ಹನ್ನೊಂದು ನಿಮಿಷ. ಅವಳು ಅವನ ಅಂಗಿಯ ಕಾಲರು ಸರಿಮಾಡಿ ಕೆಳಗಿಳಿದಳು.

ಮಧ್ಯಾಹ್ನ ಮೂವರೂ ಒಂದೇ ಕಾರಿನಲ್ಲಿ ಹೊರಟರು, ಉತ್ಕರ್ಷ ನಡೆಸುತ್ತಿದ್ದ. ಗೋವಿಂದ ಮುಂದೆ ಕೂತು ಕಿಟಕಿಯಾಚೆ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಹೂವಿನ ಗುಚ್ಛ, ಶಾಲು, ತೆಂಗಿನಕಾಯಿಗಳ ಜೊತೆ ಶುಭಾ. ಶರಣಾಪುರ ಫಾಟಾದ ಕವಲುದಾರಿ ಬಂದಾಗ ಗೋವಿಂದ ಇದ್ದಕ್ಕಿದ್ದಂತೆ, ದೌಲತಾಬಾದಿಗೆ ತಿರುಗಿಸು, ಸೀತಾಫಲ ಒಯ್ಯೋಣ ಅಂದ. ಕೋಟೆಯ ಕೆಳಗೆ ರಸ್ತೆಯುದ್ದಕ್ಕೂ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು, ಪ್ರವಾಸಿಗಳ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಗೋವಿಂದ ಒಂದು ಬುಟ್ಟಿಯ ಮುಂದೆ ಕುಕ್ಕರಿಸಿ ಒಂದೊಂದೇ ಹಣ್ಣು ಒತ್ತಿ ನೋಡುತ್ತ, ತಲೆ ಎತ್ತದೆ ಕೇಳಿದ. ನೇರ ಮುಖ ನೋಡಿ ಕೇಳುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

"ಅವ್ವಗ ತ್ರಾಸ ಕೊಟ್ಟಿ ಅಂತ ನಾ ಅನ್ನೂದಿಲ್ಲ. ಒಂದ ಕೇಳತೀನಿ, ಖರೇ ಹೇಳು. ಅವತ್ತ ನಿನಗ ಎಚ್ಚರಿತ್ತೋ ಇಲ್ಲೋ?"

ಕಾರಿಗೆ ಒರಗಿ ನಿಂತಿದ್ದ ಉತ್ಕರ್ಷ ತಾಯಿಯನ್ನು ನೋಡಿದ. ಇಲ್ಲ ಎಂದರೆ ಸಾಕಿತ್ತು. ನಿದ್ದಿ ಹತ್ತಿತ್ತು ರೀ, ಸಿನೆಮಾ ಅಂದಮೇಲೆ ಹುಡುಗರು ಏನೇನೋ ಬರೀತಾರ ಎಂದರೆ, ಗೋವಿಂದ ನಂಬಬೇಕೆಂದೇ ಕೇಳುತ್ತಿದ್ದ. ನಾಲ್ಕು ದಿನ ಬಿಟ್ಟು ಮತ್ತೆ ಹೂವಿನಂಗ ಎಂದು ಶುರುಮಾಡುತ್ತಿದ್ದ. ಮಗ ಉಳಿಯುತ್ತಿದ್ದ, ಅವಳ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಆ ಮಾತು ಕೇಳಿಸಿಕೊಳ್ಳುತ್ತ ಇನ್ನೂ ಇಪ್ಪತ್ತು ವರ್ಷ ಇವರಿಬ್ಬರಿಗೆ ಅನ್ನ ಬಡಿಸಬೇಕಲ್ಲ ಎಂದು ನೆನೆದಾಗ ಅವಳಿಗೆ ಅದು ಬೇಡವೆನಿಸಿತು.

"ಎಚ್ಚರಿತ್ತು" ಅಂದಳು. "ಬಡಿಯೂದು ಕೇಳಸ್ತಿತ್ತು. ಎರಡಲ್ಲ, ಮೂರು ಮೂರು. ಎರಡು ಬಡದ್ರ ನಾ ಹೋಗಬೇಕು, ಮೂರು ಬಡದ್ರ ಇಂವ. ಇವನ ಪಾಳಿ ಅಂತ ಮಲಕೊಂಡೆ. ಇಂವ ಬಾಗಲದಾಗ ಮೈಕ್ ಇಟ್ಟು ತುಂಬಿಸಿಕೊಳ್ಳಲಿಕತ್ತಿದ್ದ, ಅದಕ್ಕ ಏಳಲಿಲ್ಲ. ಕೇಳರಿ ಬೇಕಾದ್ರ."

ಗೋವಿಂದ ಹಣ್ಣು ಹಿಡಿದೇ ಮಗನ ಕಡೆ ತಿರುಗಿದ. ಉತ್ಕರ್ಷ ಮುಖ ಮುಚ್ಚಿಕೊಂಡು ಕಾರಿನ ಆಚೆ ಬದಿಗೆ ಹೋದ. ಇನ್ನು ಕೇಳುವುದೇನೂ ಉಳಿಯಲಿಲ್ಲ. ಹಣ್ಣಿನ ಹೆಂಗಸು ಮೂವರನ್ನೂ ನೋಡಿ, ವ್ಯಾಪಾರ ಆಗುವ ಹಾಗಿಲ್ಲ ಎಂದುಕೊಂಡು, ಒತ್ತಿ ಮೆತ್ತಗೆ ಮಾಡಿಟ್ಟ ಹಣ್ಣುಗಳನ್ನು ಬೇರೆ ತೆಗೆದಿಡತೊಡಗಿದಳು. ಗೋವಿಂದ ಏಳಲು ಹೋಗಿ, ಅಲ್ಲೇ ರಸ್ತೆಯ ಅಂಚಿಗೆ ಕೂತುಬಿಟ್ಟ. ಕೂಸಿನಂಥ ದನಿಯಲ್ಲಿ ಕೇಳಿದ.

"ನಂದೆಷ್ಟಿತ್ತು?"

ಅವಳಿಗೆ ತಕ್ಷಣ ತಿಳಿಯಲಿಲ್ಲ.

"ನಿಂದು ಎರಡು, ಇವಂದು ಮೂರು. ನನ್ನ ಕರೀಬೇಕಾದ್ರ ಅವ್ವ ಎಷ್ಟು ಬಡೀತಿದ್ಲು?"

ಮುದುಕಿ ನಾಲ್ಕು ಬಡಿಯುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಇಟ್ಟುಕೊಂಡಿದ್ದಳು. ನಾಲ್ಕು ಬಡಿದು, ಗೋಡೆಯ ಮೇಲಿದ್ದ ಮಗನ ಬ್ಯಾಂಕಿನ ಫೋಟೋದ ಕಡೆ ಕಣ್ಣು ತಿರುಗಿಸುತ್ತಿದ್ದಳು, ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ತಲೆ ಚಿಟ್ಟುಹಿಡಿದು ಶುಭಾ ಒಂದು ದಿನ ಆ ಫೋಟೋ ತೆಗೆದು ಕಪಾಟಿನಲ್ಲಿಟ್ಟಳು, ಮುದುಕಿ ಆಮೇಲೂ ಒಂದು ವಾರ ಬಡಿದು, ನಿಲ್ಲಿಸಿದಳು.

"ನಿಮಗ ಇರಲೇ ಇಲ್ಲರೀ" ಅಂದಳು ಶುಭಾ. "ನಿಮಗೊಂದು ಇಟ್ಟುಕೋಬೇಕು ಅಂತ ಅವರಿಗೂ ಅನಸಲಿಲ್ಲ."

ಅವನು ಹೌದೆನ್ನುವಂತೆ ತಲೆಯಾಡಿಸಿದ. ಒಮ್ಮೆಯಲ್ಲ, ಬಹಳ ಸಲ ಆಡಿಸಿದ. ಶುಭಾ ಕಾರಿನ ಬಾಗಿಲು ತೆಗೆದು, ಹೂವಿನ ಗುಚ್ಛವನ್ನು ಕಾಲಬುಡಕ್ಕೆ ತಳ್ಳಿ, ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತಳು. ತಂದೆ ಮಗ ಹೊರಗೆ ಎಷ್ಟು ಹೊತ್ತು ಇದ್ದರೋ, ಯಾವಾಗ ಬಂದು ಕೂತರೋ, ಯಾರು ಅಳುತ್ತಿದ್ದರೋ ಅವಳಿಗೆ ಗೊತ್ತಾಗಲಿಲ್ಲ. ಕಾರು ಹೊರಡುವ ಮೊದಲೇ ಅವಳಿಗೆ ಗಾಢ ನಿದ್ದೆ ಹತ್ತಿತ್ತು.